ಕಾಯಬೇಕೋ, ಕಳೆದುಕೊಳ್ಳಬೇಕೋ: ಸರ್ವರ್‌ನ ಲಾಗ್ ಸೇವೆ ಕೈಕೊಟ್ಟಾಗ

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆಯ ಸಣ್ಣ ಸಾಫ್ಟ್‌ವೇರ್ ಕಂಪನಿಗಳಲ್ಲೋ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬುಗಳಲ್ಲೋ ಲಿನಕ್ಸ್ ಸರ್ವರ್ ನೋಡಿಕೊಳ್ಳುವವರಿಗೆ ಈ ಚಿತ್ರ ಹೊಸದಲ್ಲ. ಸರ್ವರ್ ಜೀವಂತವಾಗಿದೆ. ಪಿಂಗ್ ಮಾಡಿದರೆ ಉತ್ತರ ಕೊಡುತ್ತದೆ. ವೆಬ್ ಪುಟವೂ ತೆರೆಯುತ್ತದೆ. ಆದರೆ ಎಸ್‌ಎಸ್‌ಎಚ್ ಮೂಲಕ ಒಳಗೆ ಹೋಗಲು ನೋಡಿದರೆ ಪಾಸ್‌ವರ್ಡ್ ತೆಗೆದುಕೊಂಡು ಸುಮ್ಮನೆ ಕೂರುತ್ತದೆ; ತಪ್ಪು ಎನ್ನುವುದಿಲ್ಲ, ಸರಿ ಎನ್ನುವುದೂ ಇಲ್ಲ. ಸರ್ವರ್ ಕೋಣೆಗೆ ಹೋಗಿ ಅಲ್ಲಿನ ಕೀಬೋರ್ಡಿನಿಂದಲೇ ಪ್ರಯತ್ನಿಸಿದರೂ ಅದೇ ಪಾಡು. ರಾತ್ರಿ ಆಗಬೇಕಿದ್ದ ಬ್ಯಾಕಪ್ ಆಗಿಲ್ಲ, ಮೇಲ್ ಹೊರಟಿಲ್ಲ. ಬೇರೆ ದಾರಿ ಕಾಣದೆ ಪವರ್ ಬಟನ್ ಒತ್ತಿ ಹಿಡಿಯುತ್ತಾರೆ. ಮರಳಿ ಎದ್ದ ಸರ್ವರ್ ಏನೂ ಆಗಿಲ್ಲವೆಂಬಂತೆ ಕೆಲಸಕ್ಕೆ ತೊಡಗುತ್ತದೆ. ಕಾರಣ ನೋಡೋಣವೆಂದು ಲಾಗ್ ಫೈಲು ತೆರೆದರೆ ನಡುರಾತ್ರಿಯ ಯಾವುದೋ ಗಳಿಗೆಯ ತನಕ ಸಾಲುಗಳಿವೆ, ಆಮೇಲೆ ನೇರವಾಗಿ ಬೆಳಗಿನ ಬೂಟ್ ಸಂದೇಶ.

ಲಾಗ್‌ನಲ್ಲಿ ಏನೂ ಸಿಗಲಿಲ್ಲ ಎಂದು ಬಹಳ ಮಂದಿ ಅಲ್ಲಿಗೇ ಕೈಬಿಡುತ್ತಾರೆ. ನೋಡಬೇಕಾದದ್ದು ಆ ಖಾಲಿ ಜಾಗವನ್ನೇ. ಸರ್ವರ್ ನಿಂತಿತು, ಅದರಿಂದ ಲಾಗ್ ನಿಂತಿತು ಎಂದು ನಾವು ಸಹಜವಾಗಿ ಓದಿಕೊಳ್ಳುತ್ತೇವೆ. ಎಷ್ಟೋ ಸಲ ನಡೆದಿರುವುದು ತಿರುಗುಮುರುಗು: ಲಾಗ್ ಬರೆಯುವ ಸೇವೆ ಮೊದಲು ನಿಂತಿತು, ಮಿಕ್ಕವೆಲ್ಲ ಅದರ ಹಿಂದೆ ಸಾಲುಗಟ್ಟಿದವು.

ನ್ಯಾಯಬೆಲೆ ಅಂಗಡಿಯ ಮುಂದೆ ನಿಂತು ಗೊತ್ತಿರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಳಗೆ ಅಕ್ಕಿ ಮೂಟೆ ಇದೆ, ತಕ್ಕಡಿ ಇದೆ, ತೂಗಿ ಕೊಡುವವರೂ ಇದ್ದಾರೆ. ಹೆಬ್ಬೆಟ್ಟು ಒತ್ತುವ ಯಂತ್ರ ಮಾತ್ರ ಸರ್ವರ್ ಇಲ್ಲ ಎನ್ನುತ್ತಿದೆ. ದಾಖಲಾಗದೆ ಅಕ್ಕಿ ಕೊಡುವಂತಿಲ್ಲ. ಸಾಲು ಬೀದಿ ತಿರುವಿನ ತನಕ ಬೆಳೆಯುತ್ತದೆ. ಲಾಗಿನ್‌ಗೆ ಆದದ್ದೂ ಇದೇ. ಯಾರು, ಯಾವಾಗ, ಎಲ್ಲಿಂದ ಒಳಬಂದರು ಎಂಬ ಒಂದು ಸಾಲನ್ನು ಒಪ್ಪಿಸದೆ ಅದು ಬಾಗಿಲು ತೆರೆಯುವುದಿಲ್ಲ, ಒಪ್ಪಿಸಿಕೊಳ್ಳಬೇಕಾದವರು ಅತ್ತ ಕೈ ಚಾಚುತ್ತಿಲ್ಲ.

ಈ ಏರ್ಪಾಡಿನ ಮೂಲ 1980ರ ದಶಕದ ಬರ್ಕ್ಲಿಯಲ್ಲಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸೆಂಡ್‌ಮೇಲ್ ತಂತ್ರಾಂಶ ಬರೆಯುತ್ತಿದ್ದ ಎರಿಕ್ ಆಲ್ಮನ್, ಅದರ ಆಗುಹೋಗುಗಳನ್ನು ಒಂದೆಡೆ ಬರೆದಿಡಲು ಸಿಸ್‌ಲಾಗ್ ಎಂಬ ಸಣ್ಣ ಸೇವೆ ಕಟ್ಟಿದರು. ಅನುಕೂಲವಾಗಿದೆ ಎಂದು ಮಿಕ್ಕ ಕಾರ್ಯಕ್ರಮಗಳೂ ಅದಕ್ಕೇ ಬರೆಯತೊಡಗಿದವು. ನಿಯಮವೊಂದು ಕಾಗದಕ್ಕೆ ಬರುವ ಹೊತ್ತಿಗೆ ಬಳಕೆ ಎಲ್ಲೆಡೆ ಹರಡಿಯಾಗಿತ್ತು. 2001ರ ಆರ್‌ಎಫ್‌ಸಿ 3164 ಇದ್ದ ಪದ್ಧತಿಯನ್ನು ವಿವರಿಸಿತಷ್ಟೆ. ಆ ಹಳೆಯ ರೂಪದ ತಾರೀಕಿನಲ್ಲಿ ತಿಂಗಳು, ದಿನ, ಗಂಟೆ ಇರುತ್ತಿದ್ದವು, ಇಸವಿ ಇರಲಿಲ್ಲ. ಒಂದು ಸಂದೇಶ 1024 ಬೈಟ್ ಮೀರಬಾರದೆಂಬ ಮಿತಿಯೂ ಇತ್ತು. 2009ರ ಆರ್‌ಎಫ್‌ಸಿ 5424 ಇವನ್ನು ತಿದ್ದಿತು. ಅಷ್ಟರಲ್ಲಿ ಹಂಗೇರಿಯ ಬಲಾಜ್ ಷೈಡ್ಲರ್ 1998ರಲ್ಲಿ ಸಿಸ್‌ಲಾಗ್-ಎನ್‌ಜಿ ಶುರುಮಾಡಿದ್ದರು, ಜರ್ಮನಿಯ ರೈನರ್ ಗೆರ್‌ಹಾರ್ಡ್ಸ್ 2004ರಲ್ಲಿ ಆರ್‌ಸಿಸ್‌ಲಾಗ್ ಕೈಗೆತ್ತಿಕೊಂಡಿದ್ದರು. 2011ರ ನವೆಂಬರ್‌ನಲ್ಲಿ ಲೆನ್ನಾರ್ಟ್ ಪೊಟ್ಟರಿಂಗ್ ಮತ್ತು ಕೇ ಸೀವರ್ಸ್ ಸಿಸ್ಟಮ್‌ಡಿಯ ಭಾಗವಾಗಿ ಜರ್ನಲ್ ಎಂಬ ಬೇರೆಯೇ ಬಗೆಯ ಲಾಗ್ ಸೇವೆಯನ್ನು ಪ್ರಕಟಿಸಿದರು. ಇಂದು ರೆಡ್ ಹ್ಯಾಟ್ ಬಳಗದ ಸರ್ವರ್‌ಗಳಲ್ಲಿ ಜರ್ನಲ್‌ಡಿ, ಆರ್‌ಸಿಸ್‌ಲಾಗ್ ಎರಡೂ ಒಟ್ಟಿಗೆ ಓಡುತ್ತವೆ. ಡೆಬಿಯನ್ 2023ರ 12ನೇ ಆವೃತ್ತಿಯಿಂದ ಆರ್‌ಸಿಸ್‌ಲಾಗನ್ನು ತಾನಾಗಿ ಹಾಕುವುದನ್ನು ನಿಲ್ಲಿಸಿದೆ.

ಎರಡು ಸೇವೆ ಇರುವುದರಿಂದ ಯಾವುದು ಕೆಟ್ಟಿದೆ ಎಂದು ಮೊದಲೇ ಬೇರ್ಪಡಿಸಿಕೊಳ್ಳುವುದು ಒಳ್ಳೆಯದು. ಕಾರ್ಯಕ್ರಮಗಳು ಲಾಗ್ ಕಳಿಸುವುದು /ಡೆವ್/ಲಾಗ್ ಎಂಬ ಸಾಕೆಟ್‌ಗೆ. ಸಿಸ್ಟಮ್‌ಡಿ ಇಲ್ಲದ ಹಳೆಯ ಯಂತ್ರಗಳಲ್ಲಿ, ಉದಾಹರಣೆಗೆ ಅಲ್ಲಲ್ಲಿ ಇನ್ನೂ ಉಳಿದಿರುವ ಸೆಂಟ್‌ಒಎಸ್ 6ರಲ್ಲಿ, ಆ ಸಾಕೆಟ್‌ನ ಇನ್ನೊಂದು ತುದಿ ಆರ್‌ಸಿಸ್‌ಲಾಗ್ ಕೈಯಲ್ಲಿರುತ್ತದೆ. ಅದು ಓದುವುದನ್ನು ನಿಲ್ಲಿಸಿದರೆ ಸಾಕೆಟ್‌ನ ಪುಟ್ಟ ಸಾಲು ತುಂಬುತ್ತದೆ. ಲಿನಕ್ಸ್ ಕರ್ನಲ್‌ನ ಮೂಲ ಮಿತಿ ಹತ್ತೇ ಸಂದೇಶ. ಸಿಸ್ಟಮ್‌ಡಿ ಅದನ್ನು 512ಕ್ಕೆ ಏರಿಸುತ್ತದೆ. ಸಾಲು ತುಂಬಿದ ಮೇಲೆ ಕಳಿಸಲು ಬಂದವರು ಕಾಯುತ್ತಾರೆ. ಎಸ್‌ಎಸ್‌ಎಚ್, ಸುಡೊ, ಕ್ರಾನ್, ಪೋಸ್ಟ್‌ಫಿಕ್ಸ್ ಎಲ್ಲವೂ ಇಲ್ಲಿಗೇ ಬರೆಯುವುದರಿಂದ ಅವೆಲ್ಲ ನಿಲ್ಲುತ್ತವೆ. ಅಪಾಚೆ, ಎಂಜಿನ್‌ಎಕ್ಸ್ ಸಾಮಾನ್ಯವಾಗಿ ತಮ್ಮದೇ ಫೈಲಿಗೆ ಬರೆದುಕೊಳ್ಳುವುದರಿಂದ ವೆಬ್ ಪುಟ ಮಾತ್ರ ತೆರೆಯುತ್ತಿರುತ್ತದೆ. ಹೊಸ ಯಂತ್ರಗಳಲ್ಲಿ ಸಾಕೆಟ್ ಜರ್ನಲ್‌ಡಿಯದು. ಅಲ್ಲಿ ಆರ್‌ಸಿಸ್‌ಲಾಗ್ ನಿಂತರೆ ಫೈಲುಗಳು ಖಾಲಿ ಉಳಿಯುತ್ತವೆ, ದೂರದ ಲಾಗ್ ಸರ್ವರ್‌ಗೆ ಏನೂ ಹೋಗುವುದಿಲ್ಲ, ಆದರೆ ಲಾಗಿನ್ ನಡೆಯುತ್ತದೆ. ಜರ್ನಲ್‌ಡಿ ನಿಂತರೆ ಲಾಗಿನ್ ಸಿಕ್ಕಿಕೊಳ್ಳುತ್ತದೆ. ಪರದೆಗೆ ಬರೆಯುವಂತೆ ತಮ್ಮ ಮಾತನ್ನು ಹೊರಹಾಕುವ ಸೇವೆಗಳೂ ಅದರ ಜೊತೆ ನಿಲ್ಲುತ್ತವೆ, ಏಕೆಂದರೆ ಆ ಕೊಳವೆಯ ಕೊನೆಯಲ್ಲಿ ಇರುವುದೂ ಅದೇ.

ಮೈಸೂರು 1946ರ ಎನ್‌ಐಇ, 1963ರ ಎಸ್‌ಜೆಸಿಇ ಎಂಬ ಎಂಜಿನಿಯರಿಂಗ್ ಕಾಲೇಜುಗಳಿರುವ ಊರು. ಇಲ್ಲಿ ಕಂಪ್ಯೂಟರ್ ಓದಿದ ಪ್ರತಿ ವಿದ್ಯಾರ್ಥಿಯೂ ಆಪರೇಟಿಂಗ್ ಸಿಸ್ಟಮ್ ಪಾಠದಲ್ಲಿ ಪ್ರೊಡ್ಯೂಸರ್-ಕನ್ಸ್ಯೂಮರ್ ಸಮಸ್ಯೆಯನ್ನು ಸೆಮಫೋರ್ ಹಾಕಿ ಬಿಡಿಸಿರುತ್ತಾನೆ. ತಯಾರಿಸುವವನು, ಬಳಸುವವನು, ನಡುವೆ ಮಿತಿಯುಳ್ಳ ಬಫರ್. ಬಫರ್ ತುಂಬಿದರೆ ತಯಾರಿಸುವವನು ಕಾಯಬೇಕು. ಲಾಗ್ ಸೇವೆಯ ಕತೆಯೂ ಅಕ್ಷರಶಃ ಇದೇ. ಪರೀಕ್ಷೆಗೆ ಬರೆದ ಆ ಇಪ್ಪತ್ತು ಸಾಲಿನ ಪ್ರೋಗ್ರಾಮು ನಿಜವಾದ ಸರ್ವರ್ ಒಳಗೆ ಎಲ್ಲಿ ಕುಳಿತಿದೆ ಎಂದು ಲ್ಯಾಬಿನಲ್ಲಿ ಒಮ್ಮೆ ತೋರಿಸಿದರೆ, ಕೆಲಸಕ್ಕೆ ಸೇರಿದ ಮೇಲೆ ಎಷ್ಟೋ ನಿದ್ದೆಗೆಟ್ಟ ರಾತ್ರಿಗಳು ಉಳಿಯುತ್ತವೆ ಎಂದು ನನಗೆ ಗಟ್ಟಿಯಾಗಿ ಅನ್ನಿಸಿದೆ.

ಹಾಗಾದರೆ ಬಳಸುವವನು, ಅಂದರೆ ಲಾಗ್ ಸೇವೆ, ಏಕೆ ನಿಲ್ಲುತ್ತದೆ? ಅದರ ಸ್ವಂತ ಕಾಯಿಲೆಗಿಂತ ಅದು ಇನ್ನಾರಿಗೋ ಕಾಯುತ್ತಿರುವುದೇ ಹೆಚ್ಚು. ಡಿಸ್ಕ್‌ಗೆ, ನೆಟ್‌ವರ್ಕ್‌ಗೆ, ಡಿಎನ್‌ಎಸ್‌ಗೆ.

ಡಿಸ್ಕ್‌ನಿಂದ ಶುರುಮಾಡೋಣ, ಏಕೆಂದರೆ ಅತಿ ಹೆಚ್ಚು ಕಾಣುವುದು ಅದೇ. ತುಂಬಿದ್ದರೆ ಡಿಎಫ್ ಆಜ್ಞೆ ಹೇಳಿಬಿಡುತ್ತದೆ. ಅಷ್ಟರಿಂದಲೇ ಕಾರಣ ತಿಳಿಯದ ಎರಡು ಸಂದರ್ಭಗಳಿವೆ. ಒಂದು, ಜಾಗ ಇದ್ದೂ ಐನೋಡ್ ಮುಗಿದಿರುವುದು. ಲಕ್ಷಗಟ್ಟಲೆ ಚಿಕ್ಕ ಸೆಷನ್ ಫೈಲುಗಳು ಬಿದ್ದಿರುವ ಕಡೆ ಇದು ಮಾಮೂಲು, ಡಿಎಫ್ ಜೊತೆ ಐ ಎಂಬ ಆಯ್ಕೆ ಕೊಟ್ಟರಷ್ಟೇ ಕಾಣುತ್ತದೆ. ಇನ್ನೊಂದು, ಅಳಿಸಿದ ಫೈಲು ಅಳಿಯದೆ ಉಳಿಯುವುದು. ಡಿಸ್ಕ್ ತುಂಬಿತೆಂದು ಗಾಬರಿಯಲ್ಲಿ ಯಾರೋ ದೊಡ್ಡ ಲಾಗ್ ಫೈಲನ್ನು ಡಿಲೀಟ್ ಮಾಡುತ್ತಾರೆ. ಹೆಸರು ಹೋಗುತ್ತದೆ, ಆದರೆ ಆರ್‌ಸಿಸ್‌ಲಾಗ್ ಅದನ್ನು ತೆರೆದೇ ಹಿಡಿದಿರುವುದರಿಂದ ಜಾಗ ಮರಳುವುದಿಲ್ಲ, ಬರೆಯುವುದೂ ಮುಂದುವರಿಯುತ್ತದೆ. ಡಿಎಫ್ ನೂರಕ್ಕೆ ನೂರು ತುಂಬಿದೆ ಎನ್ನುತ್ತದೆ, ಡಿಯು ಕೂಡಿಸಿದರೆ ಅರ್ಧವೂ ಬರುವುದಿಲ್ಲ. ಎಲ್‌ಎಸ್‌ಒಎಫ್ ಆಜ್ಞೆಗೆ ಎಲ್1 ಆಯ್ಕೆ ಕೊಟ್ಟು ಕೇಳಿದರೆ ಈ ಹೆಸರಿಲ್ಲದ ಫೈಲುಗಳು ಸಿಗುತ್ತವೆ. ಸೇವೆಗೆ ಹಪ್ ಸಿಗ್ನಲ್ ಕಳಿಸಿದರೆ ಅದು ಹಳೆಯದನ್ನು ಬಿಟ್ಟು ಹೊಸ ಫೈಲು ತೆರೆಯುತ್ತದೆ. ಹಳೆಯ ಲಾಗ್ ಫೈಲನ್ನು ಬದಿಗಿಟ್ಟು ಹೊಸದನ್ನು ಶುರುಮಾಡಿಸುವ ಲಾಗ್‌ರೊಟೇಟ್‌ನ ಸಂರಚನೆಯ ಕೊನೆಯಲ್ಲಿ ಆ ಸಿಗ್ನಲ್ ಕಳಿಸುವ ಸಾಲು ಇರುವುದು ಇದಕ್ಕೇ. ಬೇರೆಡೆಯಿಂದ ನಕಲು ಹೊಡೆದ ಸಂರಚನೆಯಲ್ಲಿ ಆ ಸಾಲು ಬಿಟ್ಟುಹೋಗಿದ್ದರೆ ತಿಂಗಳೊಪ್ಪತ್ತಿನಲ್ಲಿ ಇದೇ ಪರದಾಟ. ಡಾಕರ್ ಬಳಸುವವರು ಇನ್ನೊಂದನ್ನು ನೆನಪಿಡಬೇಕು: ಅದರ ಮೂಲ ಲಾಗ್ ವಿಧಾನವಾದ ಜೇಸನ್ ಫೈಲ್, ಗಾತ್ರಕ್ಕೆ ಮಿತಿ ಹಾಕಿಕೊಡದ ಹೊರತು ಬೆಳೆಯುತ್ತಲೇ ಇರುತ್ತದೆ.

ಡಿಸ್ಕ್ ತುಂಬದೆಯೂ ಸೋಲಬಹುದು. ಸಾಯುತ್ತಿರುವ ಹಾರ್ಡ್ ಡಿಸ್ಕ್, ತಡವರಿಸುವ ನೆಟ್‌ವರ್ಕ್ ಸ್ಟೋರೇಜ್, ಬ್ಯಾಕಪ್ ಓಡುವಾಗ ಉಸಿರುಗಟ್ಟುವ ವರ್ಚುಯಲ್ ಯಂತ್ರ, ಇವೆಲ್ಲದರಲ್ಲೂ ಬರೆಯುವ ಕೆಲಸ ನಿಮಿಷಗಟ್ಟಲೆ ಮರಳುವುದಿಲ್ಲ. ಜರ್ನಲ್‌ಡಿಯ ಮೇಲೆ ಸಿಸ್ಟಮ್‌ಡಿ ಮೂರು ನಿಮಿಷದ ಕಾವಲು ಇಟ್ಟಿದೆ. ಅಷ್ಟರೊಳಗೆ ಅದು ಬದುಕಿದ್ದೇನೆ ಎಂದು ಹೇಳದಿದ್ದರೆ ವಾಚ್‌ಡಾಗ್ ಟೈಮ್‌ಔಟ್ ಎಂದು ಕೊಂದು ಹೊಸದಾಗಿ ಎಬ್ಬಿಸುತ್ತದೆ. ನೋಡುವವರಿಗೆ ಇದು ಜರ್ನಲ್‌ಡಿ ಕ್ರ್ಯಾಶ್ ಆದಂತೆ ಕಾಣುತ್ತದೆ, ಕೋರ್ ಡಂಪ್ ಕೂಡ ಬಿದ್ದಿರುತ್ತದೆ. ಅದನ್ನು ಹಿಡಿದು ತಂತ್ರಾಂಶದ ದೋಷ ಹುಡುಕಹೊರಡುವ ಮೊದಲು ಡಿಮೆಸೇಜ್‌ನಲ್ಲಿ ಡಿಸ್ಕ್ ದೂರುಗಳಿವೆಯೇ ನೋಡಬೇಕು. ಒಂದು ಪ್ರೋಸೆಸ್ ಡಿ ಎಂಬ ಸ್ಥಿತಿಯಲ್ಲಿ ಕೂತಿದ್ದರೆ ಅದು ಡಿಸ್ಕ್‌ಗೋ ಅಂಥದ್ದೇ ಇನ್ನೊಂದಕ್ಕೋ ಕಾಯುತ್ತಿದೆ ಎಂದರ್ಥ. ಕಿಲ್ ಮೈನಸ್ ಒಂಬತ್ತು ಕೊಟ್ಟರೂ ಅದು ಸಾಯುವುದಿಲ್ಲ, ಕಾಯುತ್ತಿರುವುದು ಬಂದ ಮೇಲೇ ಸಾಯುವುದು.

ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಕರೆಂಟು ಹೋಗುವುದು, ಯುಪಿಎಸ್ ಬ್ಯಾಟರಿ ಹಳತಾಗಿ ಹತ್ತು ನಿಮಿಷವೂ ತಡೆಯದಿರುವುದು ಸಾಮಾನ್ಯ. ಹಾಗೆ ಸತ್ತು ಎದ್ದ ಯಂತ್ರದಲ್ಲಿ ಜರ್ನಲ್ ಫೈಲು ಕೆಟ್ಟಿದೆ ಅಥವಾ ಸರಿಯಾಗಿ ಮುಚ್ಚಿಲ್ಲ, ಹೆಸರು ಬದಲಿಸಿ ಹೊಸದು ತೆರೆಯುತ್ತಿದ್ದೇನೆ ಎಂಬ ಸಂದೇಶ ಕಾಣಿಸುತ್ತದೆ. ಹೆದರಬೇಕಾದದ್ದಲ್ಲ. ಆದರೆ ಎರಡು ವಿಷಯ ತಿಳಿದಿರಬೇಕು. ಜರ್ನಲ್‌ಡಿ ಸಾಮಾನ್ಯ ಸಂದೇಶಗಳನ್ನು ಡಿಸ್ಕ್‌ಗೆ ಗಟ್ಟಿಮಾಡುವುದು ಐದು ನಿಮಿಷಕ್ಕೊಮ್ಮೆ. ಅತಿ ಗಂಭೀರವಾದವನ್ನು ಮಾತ್ರ ಕೂಡಲೇ. ಹೀಗಾಗಿ ಕರೆಂಟು ಹೋಗುವ ಮುಂಚಿನ ಕೆಲವು ನಿಮಿಷ, ಅಂದರೆ ನಮಗೆ ಬೇಕಾದ ಹೊತ್ತೇ, ಇಲ್ಲವಾಗಬಹುದು. ಎರಡನೆಯದು, ಜರ್ನಲ್ ಓದಿ ಆರ್‌ಸಿಸ್‌ಲಾಗ್‌ಗೆ ಒಪ್ಪಿಸುವ ಐಎಂಜರ್ನಲ್ ಎಂಬ ಭಾಗ ತಾನು ಎಲ್ಲಿಯ ತನಕ ಓದಿದ್ದೇನೆಂದು ಒಂದು ಗುರುತಿನ ಫೈಲು ಇಟ್ಟುಕೊಂಡಿರುತ್ತದೆ. ಅದು ಕೆಟ್ಟರೆ ಒಂದೋ ಓದುವುದೇ ನಿಲ್ಲುತ್ತದೆ, ಇಲ್ಲವೇ ಹಳೆಯ ಸಂದೇಶಗಳೆಲ್ಲ ಮತ್ತೊಮ್ಮೆ ಸುರಿಯುತ್ತವೆ. ಸೇವೆ ಓಡುತ್ತಿದೆ ಎಂದು ಹಸಿರು ಬಣ್ಣದಲ್ಲಿ ತೋರಿಸುತ್ತಲೇ ಇರುತ್ತದೆ. ಜರ್ನಲ್‌ಸಿಟಿಎಲ್‌ನ ವೆರಿಫೈ ಆಯ್ಕೆಯಿಂದ ಕೆಟ್ಟ ಫೈಲು ಯಾವುದೆಂದು ನೋಡಿ ಬದಿಗಿಟ್ಟು, ಆರ್‌ಸಿಸ್‌ಲಾಗ್ ನಿಲ್ಲಿಸಿ, ಗುರುತಿನ ಫೈಲನ್ನು ಸರಿಸಿ, ಮತ್ತೆ ಶುರುಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ನೆಟ್‌ವರ್ಕ್‌ನ ತೊಂದರೆ ಇದಕ್ಕಿಂತ ಕಣ್ಕಟ್ಟಿನದು, ಏಕೆಂದರೆ ಅದು ನಾವು ಒಳ್ಳೆಯದನ್ನು ಮಾಡಹೋದಾಗ ಬರುತ್ತದೆ. ಎಲ್ಲ ಸರ್ವರ್‌ಗಳ ಲಾಗ್ ಒಂದೆಡೆ ಸೇರಲಿ ಎಂದು ಕೇಂದ್ರ ಲಾಗ್ ಸರ್ವರ್ ಇಡುತ್ತೇವೆ. ಹಳೆಯ ಯುಡಿಪಿ 514ನೇ ಪೋರ್ಟ್‌ನಲ್ಲಿ ಸಂದೇಶ ಕಳೆದುಹೋದರೂ ಗೊತ್ತಾಗುವುದಿಲ್ಲವೆಂದು ಟಿಸಿಪಿಗೆ ಬದಲಿಸುತ್ತೇವೆ. ಒಂದು ಸಲವೂ ಬಿಡದೆ ಮತ್ತೆ ಮತ್ತೆ ಪ್ರಯತ್ನಿಸು ಎಂದು ಬರೆಯುತ್ತೇವೆ. ಒಂದು ದಿನ ಕೇಂದ್ರ ಸರ್ವರ್ ಮಲಗುತ್ತದೆ. ಆರ್‌ಸಿಸ್‌ಲಾಗ್‌ನಲ್ಲಿ ಹೊರಕಳಿಸುವ ಕೆಲಸಕ್ಕೆ ತಾನಾಗಿ ಪ್ರತ್ಯೇಕ ಕ್ಯೂ ಇರುವುದಿಲ್ಲ. ಅದು ಮುಖ್ಯ ಕ್ಯೂವಿನ ಕೆಲಸಗಾರನ ಕೈಯಲ್ಲೇ ನಡೆಯುತ್ತದೆ. ಕೆಲಸಗಾರ ಸಿಕ್ಕದ ಸರ್ವರ್‌ಗೆ ಕಾಯುತ್ತ ಕೂತರೆ ಪಕ್ಕದ ಡಿಸ್ಕ್ ಫೈಲಿಗೂ ಬರೆಯುವವರಿಲ್ಲ. ಮುಖ್ಯ ಕ್ಯೂ ತುಂಬಿದ ಮೇಲೆ ಹೊಸದಾಗಿ ಬರುವ ಒಂದೊಂದು ಸಂದೇಶವೂ ಮೂಲ ಏರ್ಪಾಡಿನ ಪ್ರಕಾರ ಎರಡು ಸೆಕೆಂಡು ಕಾದು ಬಿದ್ದುಹೋಗುತ್ತದೆ. ಎರಡು ಸೆಕೆಂಡು ಕೇಳಲು ಚಿಕ್ಕದು. ಒಂದು ಲಾಗಿನ್ ಮೂರು ನಾಲ್ಕು ಸಾಲು ಬರೆಯುತ್ತದೆ, ಮೇಲ್ ಸರ್ವರ್ ಒಂದು ಪತ್ರಕ್ಕೆ ಅಷ್ಟೇ ಸಾಲು ಬರೆಯುತ್ತದೆ, ಎಲ್ಲರೂ ಒಂದೇ ಸಾಲಿನಲ್ಲಿ. ಆರ್‌ಸಿಸ್‌ಲಾಗ್ ನೇರವಾಗಿ ಸಾಕೆಟ್ ಹಿಡಿದಿರುವ ಯಂತ್ರ ಸತ್ತೂ ಇಲ್ಲ, ಬದುಕಿಯೂ ಇಲ್ಲ ಎಂಬ ಸ್ಥಿತಿಗೆ ಬರುವುದು ಹೀಗೆ.

ಹೊರಕಳಿಸುವ ಕೆಲಸಕ್ಕೆ ಅದರದೇ ಕ್ಯೂ ಕೊಡುವುದು ಇದಕ್ಕೆ ಮದ್ದು. ಲಿಂಕ್ಡ್‌ಲಿಸ್ಟ್ ಬಗೆಯ ಕ್ಯೂ, ಅದಕ್ಕೊಂದು ಫೈಲ್ ಹೆಸರು, ಡಿಸ್ಕ್‌ನಲ್ಲಿ ಇಷ್ಟೇ ಜಾಗ ಎಂಬ ಮಿತಿ, ನಿಲ್ಲಿಸುವಾಗ ಉಳಿದದ್ದನ್ನು ಉಳಿಸು ಎಂಬ ಸೂಚನೆ, ಇವಿಷ್ಟು ಬರೆದರೆ ಕೇಂದ್ರ ಸರ್ವರ್ ಇಲ್ಲದಾಗ ಸಂದೇಶಗಳು ಡಿಸ್ಕ್‌ಗೆ ಇಳಿದು ಕಾಯುತ್ತವೆ, ಮಿಕ್ಕ ಕೆಲಸ ಸಾಗುತ್ತದೆ. ಮಿತಿ ಹಾಕದೆ ಬಿಟ್ಟರೆ ನೆಟ್‌ವರ್ಕ್ ತೊಂದರೆಯನ್ನು ಡಿಸ್ಕ್ ತೊಂದರೆಯಾಗಿ ಬದಲಿಸಿದಂತಾಗುತ್ತದಷ್ಟೆ. ಟಿಸಿಪಿ ಇದ್ದ ಮಾತ್ರಕ್ಕೆ ಸಂದೇಶ ತಲುಪಿಯೇ ತೀರುತ್ತದೆ ಎಂಬ ನಂಬಿಕೆಯೂ ಸಲ್ಲದು. ಕಳಿಸುವ ಯಂತ್ರದ ಬಫರ್ ಸೇರಿದ ಸಂದೇಶ ಅತ್ತ ಕಡೆಯವರು ಓದುವ ಮೊದಲೇ ಸಂಪರ್ಕ ಕಡಿದರೆ ಸದ್ದಿಲ್ಲದೆ ಹೋಗುತ್ತದೆ. ಗೆರ್‌ಹಾರ್ಡ್ಸ್ ಇದನ್ನು ಕಂಡೇ ರೆಲ್ಪ್ ಎಂಬ ವಿಧಾನ ರೂಪಿಸಿದರು. ಅದರಲ್ಲಿ ಸ್ವೀಕರಿಸಿದವರು ಪ್ರತಿ ಸಂದೇಶಕ್ಕೂ ಮುಟ್ಟಿದೆ ಎಂದು ತಿಳಿಸಬೇಕು.

ಡಿಎನ್‌ಎಸ್‌ನ ಸಿಕ್ಕು ಒಮ್ಮೆ ಕಂಡವರು ಮರೆಯುವಂಥದ್ದಲ್ಲ. ಲಾಗ್ ಸರ್ವರ್ ತನಗೆ ಬಂದ ಸಂದೇಶದ ಐಪಿ ವಿಳಾಸಕ್ಕೆ ಹೆಸರು ಹುಡುಕುತ್ತದೆ. ಅದಕ್ಕಾಗಿ ಕೇಳುವುದು ಅದೇ ಯಂತ್ರದಲ್ಲಿ ಓಡುತ್ತಿರುವ ಬೈಂಡ್ ಎಂಬ ಡಿಎನ್‌ಎಸ್ ಸೇವೆಯನ್ನು. ಬೈಂಡ್ ಆ ಹೊತ್ತಿಗೆ ತನ್ನ ಒಂದು ಸಾಲನ್ನು ಲಾಗ್‌ಗೆ ಬರೆಯಲು ಕಾಯುತ್ತಿರುತ್ತದೆ. ಇದು ಅದಕ್ಕೆ, ಅದು ಇದಕ್ಕೆ ಕಾದು ಇಬ್ಬರೂ ನಿಲ್ಲುತ್ತಾರೆ. ಡಿಎನ್‌ಎಸ್ ಬೇರೆ ಯಂತ್ರದಲ್ಲಿದ್ದು ಉತ್ತರಿಸದಿದ್ದರೂ ಲಿನಕ್ಸ್ ಮೂಲತಃ ಐದು ಸೆಕೆಂಡಿನಂತೆ ಎರಡು ಸಲ ಪ್ರಯತ್ನಿಸುವುದರಿಂದ ಒಂದು ಹೆಸರಿಗೆ ಹತ್ತು ಸೆಕೆಂಡು ಹೋಗುತ್ತದೆ. ಲಾಗ್ ಸರ್ವರ್‌ನಲ್ಲಿ ಹೆಸರು ಹುಡುಕುವುದನ್ನೇ ಆರಿಸಿಬಿಡುವುದು, ಇಲ್ಲವೇ ಹೋಸ್ಟ್ಸ್ ಫೈಲಿನಲ್ಲಿ ನಮ್ಮ ಯಂತ್ರಗಳ ಹೆಸರು ಬರೆದಿಡುವುದು ವಾಸಿ.

ಇನ್ನು ಒಂದೇ ಒಂದು ಕೆಟ್ಟ ಸಂದೇಶದಿಂದ ಬೀಳುವುದು. ಸಿಸ್‌ಲಾಗ್ ಸಂದೇಶದ ಮೊದಲಲ್ಲಿ ಕೋನದ ಚಿಹ್ನೆಗಳ ನಡುವೆ ಒಂದು ಸಂಖ್ಯೆ ಇರುತ್ತದೆ. ಯಾವ ವಿಭಾಗದಿಂದ ಬಂತು ಎಂಬುದಕ್ಕೆ 0ಯಿಂದ 23, ಎಷ್ಟು ಗಂಭೀರ ಎಂಬುದಕ್ಕೆ 0ಯಿಂದ 7. ಮೊದಲನೆಯದನ್ನು ಎಂಟರಿಂದ ಗುಣಿಸಿ ಎರಡನೆಯದನ್ನು ಕೂಡಿಸಿದರೆ ಆ ಸಂಖ್ಯೆ. ಎಷ್ಟು ಮಾಡಿದರೂ 191 ಮೀರುವಂತಿಲ್ಲ. ಮೀರಿದ ಸಂಖ್ಯೆ ಯಾರಾದರೂ ಕಳಿಸಿದರೆ ಏನಾಗುತ್ತದೆಂದು ಯಾರೂ ಯೋಚಿಸಿರಲಿಲ್ಲ. 2014ರಲ್ಲಿ ಗೊತ್ತಾಯಿತು: ಆರ್‌ಸಿಸ್‌ಲಾಗ್ ಕ್ರ್ಯಾಶ್ ಆಗಬಹುದಿತ್ತು. 2019ರ ಜನವರಿಯಲ್ಲಿ ಕ್ವಾಲಿಸ್ ಸಂಸ್ಥೆ ಜರ್ನಲ್‌ಡಿಯಲ್ಲಿ ಮೂರು ದೋಷಗಳನ್ನು ಹೊರಗೆಡವಿತು. ಸಂದೇಶದ ಗಾತ್ರ ವಿಪರೀತ ಹೆಚ್ಚಿಸಿ ಸೇವೆಯನ್ನು ಬೀಳಿಸಲು, ಅಷ್ಟೇ ಅಲ್ಲ ಯಂತ್ರದ ಪೂರ್ಣ ಅಧಿಕಾರ ಪಡೆಯಲು ಅದರಲ್ಲಿ ದಾರಿಯಿತ್ತು. 2022ರ ಮೇಯಲ್ಲಿ ಆರ್‌ಸಿಸ್‌ಲಾಗ್‌ನ ಟಿಸಿಪಿ ಸ್ವೀಕಾರದಲ್ಲೇ ದೋಷ ಸಿಕ್ಕಿತು. 2021ರ ಡಿಸೆಂಬರ್‌ನ ಲಾಗ್‌ಫೋರ್‌ಜೆ ಹಗರಣವಂತೂ ಜಗತ್ತಿಗೇ ಗೊತ್ತಿದೆ. ಲಾಗ್ ಸೇವೆ ಯಾರು ಏನು ಬರೆದರೂ ಓದಬೇಕು, ಅಪರಿಚಿತರ ಅಕ್ಷರಗಳನ್ನೂ. ಅದನ್ನು ಅಪ್‌ಡೇಟ್ ಮಾಡದೆ ವರ್ಷಗಟ್ಟಲೆ ಬಿಡುವುದು ನಮ್ಮ ಊರಿನ ಸಣ್ಣ ಕಚೇರಿಗಳಲ್ಲಿ ಕಾಣುವ ದೊಡ್ಡ ಅಪಾಯ.

ಕನ್ನಡದಲ್ಲಿ ಕೆಲಸ ಮಾಡುವ ನಮಗೆ ಸೇರಿದ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು ಬೇಕು. ಲಕ್ಷ್ಮಿ ಎಂಬ ಹೆಸರನ್ನೇ ತೆಗೆದುಕೊಳ್ಳಿ: ಲ, ಕ, ವಿರಾಮ, ಷ, ವಿರಾಮ, ಮ, ಇಕಾರದ ಗುಡಿಸು, ಒಟ್ಟು ಏಳು ಸಂಕೇತ, 21 ಬೈಟು. ಅರ್ಜಿದಾರರ ಹೆಸರು, ತಂದೆಯ ಹೆಸರು, ಊರು, ವಿಳಾಸವನ್ನು ಕನ್ನಡದಲ್ಲಿ ಲಾಗ್‌ಗೆ ಬರೆಯುವ ತಂತ್ರಾಂಶದಲ್ಲಿ ಸಂದೇಶ ಬೇಗ ಉದ್ದವಾಗುತ್ತದೆ. ದಾರಿಯಲ್ಲಿ 1024 ಬೈಟಿನ ಮಿತಿ ಇಟ್ಟುಕೊಂಡಿರುವ ಯಾವುದಾದರೂ ಹಳೆಯ ಉಪಕರಣ ಇದ್ದರೆ ಅದು ಬೈಟು ಎಣಿಸಿ ಕತ್ತರಿಸುತ್ತದೆ, ಅಕ್ಷರ ನೋಡುವುದಿಲ್ಲ. ಮೂರು ಬೈಟಿನ ಒಂದು ಸಂಕೇತದಲ್ಲಿ ಎರಡೇ ಉಳಿದರೆ ಅದು ಯುಟಿಎಫ್-8 ಆಗಿ ಉಳಿಯುವುದಿಲ್ಲ. ಆ ತುಂಡಾದ ಸಂದೇಶವನ್ನು ಮುಂದೆ ಎಲಾಸ್ಟಿಕ್‌ಸರ್ಚ್‌ನಂಥ ಸಂಗ್ರಹ ಒಪ್ಪದೆ ಹಿಂದಿರುಗಿಸಬಹುದು. ಕಳಿಸುವವರಿಗೆ ಸೋತರೆ ಮತ್ತೆ ಪ್ರಯತ್ನಿಸು ಎಂದು ಹೇಳಿಟ್ಟಿದ್ದೇವೆ. ಅದೇ ಸಂದೇಶವನ್ನು ಎಷ್ಟು ಸಲ ಕಳಿಸಿದರೂ ಒಪ್ಪಿಗೆ ಸಿಗದು, ಹಿಂದೆ ಇರುವ ಒಳ್ಳೆಯ ಸಂದೇಶಗಳೆಲ್ಲ ಕಾಯುತ್ತವೆ. ಇಂಗ್ಲಿಷ್ ದತ್ತಾಂಶ ಹಾಕಿ ಪರೀಕ್ಷಿಸಿದ ತಂಡಕ್ಕೆ ಇದು ಎಂದೂ ಕಾಣಿಸದು. ಆರ್‌ಸಿಸ್‌ಲಾಗ್‌ನಲ್ಲಿ ಇಂಥ ತುಂಡುಗಳನ್ನು ಸರಿಪಡಿಸುವ ಎಂಎಂಯುಟಿಎಫ್8ಫಿಕ್ಸ್ ಎಂಬ ಭಾಗವಿದೆ. ಕನ್ನಡದ ಅರ್ಜಿ, ಕನ್ನಡದ ಹೆಸರು ನಿಭಾಯಿಸುವ ಪ್ರತಿ ವ್ಯವಸ್ಥೆಯಲ್ಲೂ ಅದು ಇರಬೇಕು. ಅದಕ್ಕೂ ಮೊದಲು, ಜನರ ಹೆಸರು ವಿಳಾಸಗಳನ್ನು ಲಾಗ್‌ಗೆ ಬರೆಯುವ ಅಗತ್ಯವಿದೆಯೇ ಎಂದು ಕೇಳಿಕೊಳ್ಳಬೇಕು.

ಎಸ್‌ಇಲಿನಕ್ಸ್‌ನಿಂದಾಗುವ ತಡೆ, ತಪ್ಪು ಅನುಮತಿ, ಸಂರಚನೆಯಲ್ಲಿ ಬಿಟ್ಟುಹೋದ ಆವರಣ ಚಿಹ್ನೆ, ಇವು ಸೇವೆ ಏಳದಂತೆ ಮಾಡುತ್ತವೆಯೇ ಹೊರತು ನಡುವೆ ನಿಲ್ಲಿಸುವುದು ಕಡಿಮೆ. ಆರ್‌ಸಿಸ್‌ಲಾಗ್‌ಡಿಗೆ ಎನ್1 ಎಂಬ ಆಯ್ಕೆ ಕೊಟ್ಟರೆ ಸಂರಚನೆಯನ್ನು ಓದಿ ತಪ್ಪು ತೋರಿಸುತ್ತದೆ. ಲಾಗ್ ಡೈರೆಕ್ಟರಿಯನ್ನು ಹೊಸ ಡಿಸ್ಕ್‌ಗೆ ಸಾಗಿಸಿದ ಮೇಲೆ ತೊಂದರೆ ಶುರುವಾಗಿದ್ದರೆ ಎಸ್‌ಇಲಿನಕ್ಸ್ ಮೇಲೆ ಮೊದಲ ಅನುಮಾನ ಪಡಬೇಕು. ಹತ್ತು ಸೆಕೆಂಡಿನೊಳಗೆ ಐದು ಸಲ ಬಿದ್ದ ಸೇವೆಯನ್ನು ಸಿಸ್ಟಮ್‌ಡಿ ಮತ್ತೆ ಎಬ್ಬಿಸುವುದಿಲ್ಲ ಎಂಬುದೂ ಗೊತ್ತಿರಲಿ. ಮೂಲ ದೋಷ ಸರಿಹೋದ ಮೇಲೂ ಸೇವೆ ಹಾಗೇ ಮಲಗಿರುತ್ತದೆ.

ತೊಂದರೆ ನಡೆಯುತ್ತಿರುವಾಗಲೇ ಕೈಗೆ ಸಿಕ್ಕರೆ ಮಾಡಬಾರದ ಮೊದಲ ಕೆಲಸ ರೀಸ್ಟಾರ್ಟ್. ರೀಸ್ಟಾರ್ಟ್‌ನಿಂದ ಸೇವೆ ಸರಿಹೋಗುತ್ತದೆ, ಸಾಕ್ಷ್ಯ ಅಳಿಯುತ್ತದೆ. ಜರ್ನಲ್ ಇಡಲು ಡಿಸ್ಕ್‌ನಲ್ಲಿ ಡೈರೆಕ್ಟರಿ ಮಾಡಿಕೊಡದ ಯಂತ್ರಗಳಲ್ಲಿ ಅದು ಮೆಮೊರಿಯಲ್ಲೇ ಇರುವುದರಿಂದ ಯಂತ್ರವನ್ನೇ ರೀಬೂಟ್ ಮಾಡಿದರೆ ಪೂರಾ ಹೋಗುತ್ತದೆ. ರೂಟ್ ಅಧಿಕಾರದ ಒಂದು ಕಿಟಕಿ ಮೊದಲೇ ತೆರೆದಿದ್ದರೆ ಅದನ್ನು ಯಾವ ಕಾರಣಕ್ಕೂ ಮುಚ್ಚಬಾರದು. ಹೊಸ ಲಾಗಿನ್ ಸಿಗದ ಹೊತ್ತಿನಲ್ಲಿ ಅದೊಂದೇ ಬಾಗಿಲು. ಮೊದಲು ಡಿಎಫ್, ಡಿಮೆಸೇಜ್. ಆಮೇಲೆ ಲಾಗ್ ಸೇವೆಯ ಪ್ರೋಸೆಸ್ ಯಾವ ಸ್ಥಿತಿಯಲ್ಲಿದೆ ಎಂದು ಪಿಎಸ್‌ನಲ್ಲಿ ನೋಡುವುದು. ಸಿಪಿಯು ನೂರಕ್ಕೆ ನೂರು ತಿನ್ನುತ್ತಿದ್ದರೆ ಎಲ್ಲೋ ಸುತ್ತುಹಾಕುತ್ತಿದೆ; ಏನೂ ತಿನ್ನದೆ ಕೂತಿದ್ದರೆ ಯಾವುದಕ್ಕೋ ಕಾಯುತ್ತಿದೆ. ಎಸ್‌ಟ್ರೇಸ್ ಹಚ್ಚಿದರೆ ಯಾವ ಕರೆಯ ಮೇಲೆ ನಿಂತಿದೆ ಎಂಬುದು ಕಾಣುತ್ತದೆ: ಬರೆಯುವುದರ ಮೇಲಿದ್ದರೆ ಡಿಸ್ಕ್, ಸಂಪರ್ಕಿಸುವುದರ ಮೇಲಿದ್ದರೆ ನೆಟ್‌ವರ್ಕ್, 53ನೇ ಪೋರ್ಟ್‌ಗೆ ಕಳಿಸಿ ಕಾಯುತ್ತಿದ್ದರೆ ಡಿಎನ್‌ಎಸ್. ಆರ್‌ಸಿಸ್‌ಲಾಗ್‌ಗೆ ಹಲವು ಥ್ರೆಡ್‌ಗಳಿರುವುದರಿಂದ ಎಸ್‌ಟ್ರೇಸ್‌ಗೆ ಎಫ್ ಆಯ್ಕೆ ಕೊಡಬೇಕು, ಇಲ್ಲವಾದರೆ ಸುಮ್ಮನೆ ಮಲಗಿರುವ ಮುಖ್ಯ ಥ್ರೆಡ್ ಮಾತ್ರ ಕಂಡು ದಾರಿ ತಪ್ಪುತ್ತದೆ. ಒಂದನ್ನೊಂದು ಕಾಯುತ್ತಿವೆ ಎನ್ನಿಸಿದರೆ ಜಿಡಿಬಿಯಲ್ಲಿ ಎಲ್ಲ ಥ್ರೆಡ್‌ಗಳ ಬ್ಯಾಕ್‌ಟ್ರೇಸ್ ತೆಗೆದಿಟ್ಟುಕೊಳ್ಳಬೇಕು. ಇಷ್ಟಕ್ಕೆ ಹತ್ತು ನಿಮಿಷ ಬೇಕು. ಪರೀಕ್ಷೆಯ ಫಲಿತಾಂಶದ ದಿನ ಪ್ರಾಂಶುಪಾಲರು ಬಾಗಿಲಲ್ಲಿ ನಿಂತಿರುವಾಗ ಆ ಹತ್ತು ನಿಮಿಷ ಕೇಳುವುದು ಎಷ್ಟು ಕಷ್ಟವೆಂದು ಬಲ್ಲೆ. ಕೇಳಲೇಬೇಕು, ಇಲ್ಲದಿದ್ದರೆ ಮುಂದಿನ ವಾರ ಮತ್ತೆ ಇದೇ ಸ್ಥಿತಿ.

ಇಷ್ಟೆಲ್ಲ ಕಾರಣಗಳ ಕೆಳಗೆ ಒಂದೇ ಪ್ರಶ್ನೆ ಇದೆ, ಅದನ್ನು ಯಾರೂ ಮೊದಲೇ ಕೇಳಿಕೊಂಡಿರುವುದಿಲ್ಲ. ದಾಖಲೆ ಬರೆಯಲಾಗದಿದ್ದಾಗ ಕೆಲಸ ನಿಲ್ಲಬೇಕೋ, ದಾಖಲೆ ಕಳೆದುಹೋಗಬೇಕೋ? ಪ್ರತಿ ತಂತ್ರಾಂಶವೂ ನಮ್ಮನ್ನು ಕೇಳದೆ ಒಂದು ಉತ್ತರ ಕೊಟ್ಟುಬಿಟ್ಟಿದೆ. ಯುಡಿಪಿ ಕಳೆದುಕೊಳ್ಳುತ್ತದೆ. /ಡೆವ್/ಲಾಗ್ ಕಾಯಿಸುತ್ತದೆ. ಜರ್ನಲ್‌ಡಿ ಒಂದು ಸೇವೆ 30 ಸೆಕೆಂಡಿನಲ್ಲಿ ಹತ್ತು ಸಾವಿರಕ್ಕಿಂತ ಹೆಚ್ಚು ಬರೆದರೆ ಉಳಿದದ್ದನ್ನು ಬಿಸಾಡಿ, ಇಷ್ಟು ಬಿಟ್ಟೆ ಎಂದು ಒಂದು ಸಾಲು ಬರೆದಿಡುತ್ತದೆ. ಡಾಕರ್ ಮೂಲತಃ ಕಾಯಿಸುತ್ತದೆ, ಕೇಳಿದರೆ ಕಾಯಿಸದ ವಿಧಾನ ಕೊಡುತ್ತದೆ. ಲಿನಕ್ಸ್‌ನ ಆಡಿಟ್ ವ್ಯವಸ್ಥೆಗೆ ಬರೆಯಲಾಗದಿದ್ದರೆ ಯಂತ್ರವನ್ನೇ ಪ್ಯಾನಿಕ್ ಮಾಡು ಎಂದು ಹೇಳಿಡಬಹುದು. ವಿಂಡೋಸ್‌ನಲ್ಲೂ ಭದ್ರತಾ ಲಾಗ್ ಬರೆಯಲಾಗದಿದ್ದರೆ ಕೂಡಲೇ ಶಟ್‌ಡೌನ್ ಮಾಡುವ ನೀತಿ ಇದೆ. ಬ್ಯಾಂಕಿನ ಹಣ ವರ್ಗಾವಣೆಗೆ ಕೊನೆಯದು ಸರಿಯಿರಬಹುದು. ಗ್ರಂಥಾಲಯದ ಪುಸ್ತಕ ಹುಡುಕುವ ಪುಟಕ್ಕೆ ಅದು ಹುಚ್ಚುತನ. ಯಾರು ಒಳಬಂದರು, ಯಾರು ಅಧಿಕಾರ ಬದಲಿಸಿದರು ಎಂಬ ದಾಖಲೆಗೆ ಡಿಸ್ಕ್ ಕ್ಯೂ, ರೆಲ್ಪ್, ಕಾಯುವ ತಾಳ್ಮೆ ಎಲ್ಲ ಬೇಕು. ತಂತ್ರಾಂಶದವರು ದೋಷ ಹುಡುಕಲು ಬರೆಸಿಕೊಂಡ ಸಾಲುಗಳು ಜಾಗ ಸಾಲದಾಗ ಮೊದಲು ಹೋಗಲಿ. ಎರಡನ್ನೂ ಒಂದೇ ಕ್ಯೂವಿಗೆ ಹಾಕುವುದರಿಂದಲೇ ಬೇಡದ್ದು ಬೇಕಾದದ್ದನ್ನು ಮುಳುಗಿಸುತ್ತದೆ.

ಕಾನೂನೂ ಈಗ ಈ ಪ್ರಶ್ನೆಯನ್ನು ಕೇಳುತ್ತಿದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಉಳಿಸಬೇಕು, ಯಂತ್ರಗಳ ಗಡಿಯಾರವನ್ನು ಎನ್‌ಐಸಿ ಅಥವಾ ಎನ್‌ಪಿಎಲ್‌ನ ಸಮಯಕ್ಕೆ ಹೊಂದಿಸಬೇಕು, ಸೈಬರ್ ಘಟನೆಯನ್ನು ತಿಳಿದ ಆರು ಗಂಟೆಯೊಳಗೆ ವರದಿ ಮಾಡಬೇಕು. ಲಾಗ್‌ರೊಟೇಟ್‌ನ ಮೂಲ ಸಂರಚನೆ ವಾರಕ್ಕೊಂದರಂತೆ ನಾಲ್ಕು ಹಳೆಯ ಫೈಲು ಇಟ್ಟು ಉಳಿದದ್ದನ್ನು ಅಳಿಸುತ್ತದೆ, ಅಂದರೆ ತಿಂಗಳ ಲೆಕ್ಕ. ಜರ್ನಲ್‌ಡಿ ಡಿಸ್ಕ್‌ನ ಶೇ. 10ರಷ್ಟು, ಹೆಚ್ಚೆಂದರೆ 4 ಜಿಬಿ ತುಂಬಿದ ಮೇಲೆ ಹಳೆಯದನ್ನು ಬಿಡುತ್ತದೆ. ಏನೂ ಮುಟ್ಟದೆ ಬಿಟ್ಟ ಸರ್ವರ್ ಈ ನಿಯಮವನ್ನು ಪಾಲಿಸುವುದು ಕಷ್ಟ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ವಿದ್ಯುನ್ಮಾನ ದಾಖಲೆಯ ಜೊತೆ ಹ್ಯಾಶ್ ಸಹಿತ ಪ್ರಮಾಣಪತ್ರ ಕೇಳುತ್ತದೆ. ನಡುವೆ ಆರು ಗಂಟೆ ಖಾಲಿಯಿರುವ ಲಾಗ್ ಹಿಡಿದು ನ್ಯಾಯಾಲಯದಲ್ಲಿ ನಿಲ್ಲುವವರ ಕಷ್ಟ ಊಹಿಸಿಕೊಳ್ಳಬಹುದು. 2025ರ ಜನವರಿಯಲ್ಲಿ ಕಾವೇರಿ 2.0 ತಂತ್ರಾಂಶದ ಮೇಲೆ ಸುಳ್ಳು ವಿನಂತಿಗಳ ದಾಳಿ ನಡೆದು ರಾಜ್ಯದ ಉಪನೋಂದಣಿ ಕಚೇರಿಗಳ ಕೆಲಸ ಕೆಟ್ಟಾಗ, 62 ಖಾತೆಗಳು ಮತ್ತು 14 ಐಪಿ ವಿಳಾಸಗಳನ್ನು ಬಳಸಲಾಗಿತ್ತು ಎಂದು ತಿಳಿದುಬಂತು. ದಾಖಲಾದ ವಿನಂತಿಗಳು ಇಲ್ಲದೆ ಅಂಥ ಲೆಕ್ಕ ತೆಗೆಯುವ ದಾರಿಯಿಲ್ಲ. ದಾಳಿಯ ಹೊತ್ತಿನಲ್ಲಿ ಲಾಗ್ ಸೇವೆಯ ಮೇಲೂ ಎಂದಿಗಿಂತ ಹೆಚ್ಚಿನ ಭಾರ ಬೀಳುತ್ತದೆ. ಆಗಲೇ ಅದು ಕುಸಿದರೆ ದಾಳಿಕೋರನಿಗೆ ಇದಕ್ಕಿಂತ ಅನುಕೂಲ ಬೇರಿಲ್ಲ.

ಒಬ್ಬನೇ ಅಡ್ಮಿನ್ ಪ್ರಿಂಟರ್, ವೈಫೈ, ಸರ್ವರ್ ಎಲ್ಲ ನೋಡಿಕೊಳ್ಳುವ ಕಚೇರಿಗೆ ದೊಡ್ಡ ಖರ್ಚಿನ ಸಲಹೆ ಕೊಟ್ಟು ಪ್ರಯೋಜನವಿಲ್ಲ. ಲಾಗ್ ಡೈರೆಕ್ಟರಿಗೆ ಬೇರೆ ಪಾರ್ಟಿಷನ್ ಮಾಡಲು ಖರ್ಚಿಲ್ಲ. ಮೂಲೆಗೆ ಸರಿಸಿದ ಹಳೆಯ ಡೆಸ್ಕ್‌ಟಾಪ್ ಒಂದಕ್ಕೆ ಹೊಸ ಡಿಸ್ಕ್ ಹಾಕಿದರೆ ಕೇಂದ್ರ ಲಾಗ್ ಸರ್ವರ್ ಆಗುತ್ತದೆ. ಆರ್‌ಸಿಸ್‌ಲಾಗ್‌ನ ಇಂಪ್‌ಸ್ಟ್ಯಾಟ್ಸ್ ಭಾಗವನ್ನು ಚಾಲೂ ಮಾಡಿ ಅದರ ಫಲಿತಾಂಶವನ್ನು ಆರ್‌ಸಿಸ್‌ಲಾಗ್ ಮೂಲಕ ಕಳಿಸದೆ ನೇರ ಫೈಲಿಗೆ ಬರೆಸಿದರೆ ಕ್ಯೂ ಎಷ್ಟು ಉದ್ದ ಬೆಳೆಯುತ್ತಿದೆ ಎಂಬುದು ಮುಂಚೆಯೇ ಕಾಣುತ್ತದೆ. ಪ್ರತಿ ಯಂತ್ರದಲ್ಲೂ ಐದು ನಿಮಿಷಕ್ಕೊಮ್ಮೆ ಲಾಗರ್ ಆಜ್ಞೆಯಿಂದ ಒಂದು ಸಾಲು ಕಳಿಸಿ, ಕೇಂದ್ರದಲ್ಲಿ ಅದು ಹದಿನೈದು ನಿಮಿಷ ಬರದಿದ್ದರೆ ಮೊಬೈಲಿಗೆ ಸಂದೇಶ ಬರುವಂತೆ ಮಾಡಿದರೆ ಬೆಳಗಿನ ತನಕ ಕಾಯಬೇಕಾಗಿಲ್ಲ. ಸೇವೆ ಓಡುತ್ತಿದೆಯೇ ಎಂದು ಸಿಸ್ಟಮ್‌ಸಿಟಿಎಲ್ ಕೇಳುವುದಕ್ಕಿಂತ ಇದು ನಂಬಲರ್ಹ, ಏಕೆಂದರೆ ಸಿಕ್ಕಿಕೊಂಡ ಸೇವೆಯೂ ಓಡುತ್ತಿದೆ ಎಂದೇ ಕಾಣುತ್ತದೆ.

ಇಷ್ಟು ಕಟ್ಟಿದ ಮೇಲೆ, ಕೆಲಸ ಕಡಿಮೆಯಿರುವ ಒಂದು ಶನಿವಾರ ಸಂಜೆ ಕೇಂದ್ರ ಲಾಗ್ ಸರ್ವರ್‌ನ ನೆಟ್‌ವರ್ಕ್ ಕೇಬಲ್ ಕಿತ್ತು ನೋಡಬೇಕು. ಮಿಕ್ಕ ಸರ್ವರ್‌ಗಳಿಗೆ ಲಾಗಿನ್ ಆಗುತ್ತಿದೆಯೇ, ಸುಡೊ ತಡವರಿಸುತ್ತಿದೆಯೇ, ಮೇಲ್ ಹೊರಡುತ್ತಿದೆಯೇ, ಕ್ಯೂವಿನ ಫೈಲು ಡಿಸ್ಕ್‌ನಲ್ಲಿ ಮೂಡಿ ಬೆಳೆಯುತ್ತಿದೆಯೇ, ಮೊಬೈಲಿಗೆ ಎಚ್ಚರಿಕೆ ಬಂತೇ ಎಂದು ಒಂದೊಂದಾಗಿ ಪರೀಕ್ಷಿಸಬೇಕು. ಆ ಹೊತ್ತಿನಲ್ಲಿ ಒಂದು ಯಂತ್ರದಿಂದ ಕ್ರಮಸಂಖ್ಯೆ ಹಾಕಿದ ಸಾಲುಗಳನ್ನು ಕಳಿಸುತ್ತಿರಬೇಕು, ಒಂದೆರಡರಲ್ಲಿ ಉದ್ದನೆಯ ಕನ್ನಡ ಹೆಸರುಗಳೂ ಇರಲಿ. ಅರ್ಧ ಗಂಟೆ ಬಿಟ್ಟು ಕೇಬಲ್ ಮರಳಿ ಸಿಕ್ಕಿಸಿ, ಕೇಂದ್ರದ ಫೈಲಿನಲ್ಲಿ ಆ ಸಂಖ್ಯೆಗಳು ಒಂದೂ ಬಿಡದೆ, ಎರಡು ಸಲ ಬಾರದೆ, ಹೆಸರುಗಳು ತುಂಡಾಗದೆ ಬಂದಿವೆಯೇ ಎಂದು ಎಣಿಸಬೇಕು.